ತುಮಕೂರಿಗೆಲ್ಲ ಸೇರಿ ಒಂದೇ ರೂಟ್ ಸಾಕಾಗುವುದಿಲ್ವಾ? ನಮ್ಮ ರೂಟರ್ ತುಂಬಿಹೋದ ಮೇಲೆ ಬಂದ ಪ್ರಶ್ನೆ

ಬಿಎಚ್‌ರೋಡ್_ಫೈಬರ್:

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಚಿಕ್ಕದೊಂದು ಇಂಟರ್ನೆಟ್ ಸರ್ವಿಸ್ ನಡೆಸುತ್ತಿದ್ದೇನೆ. ಮೊದಲು ಕೇಬಲ್ ಟಿವಿ ಇತ್ತು. ಆಮೇಲೆ ಲೈಸೆನ್ಸ್ ಮಾಡಿಸಿ ಮನೆಮನೆಗೆ ಫೈಬರ್ ಎಳೆದೆವು. ಹೋದ ತಿಂಗಳು ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಪ್ರಶ್ನೆ ಕೊನೆಯಲ್ಲಿದೆ.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಫೋನ್ ಶುರುವಾಯಿತು. ಎಸ್.ಎಸ್.ಪುರಂನ ಅಜ್ಜಿಯೊಬ್ಬರು, "ಮಗನ ವಿಡಿಯೋ ಕಾಲ್ ಚೆನ್ನಾಗಿ ಬರ್ತಿದೆ ಕಣಪ್ಪಾ, ಬ್ಯಾಂಕಿಂದು ಮಾತ್ರ ಸುತ್ತುತ್ತಾನೇ ಇದೆ" ಅಂದರು. ಅಂತರಸನಹಳ್ಳಿ ಮಾರ್ಕೆಟ್ಟಿನ ಮಂಡಿಯವರದ್ದು ಇದಕ್ಕೆ ಉಲ್ಟಾ. ಬ್ಯಾಂಕ್ ತೆರೆಯುತ್ತದೆ, ಬಿಲ್ ಹಾಕುವ ಸಾಫ್ಟ್‌ವೇರ್ ಬರುವುದಿಲ್ಲ. ಕೇಬಲ್ ತುಂಡಾಗಿದ್ದರೆ ಎಲ್ಲವೂ ನಿಲ್ಲಬೇಕು. ಇಲ್ಲಿ ಇಂಟರ್ನೆಟ್ಟಿನ ಒಂದು ಪಾಲು ಸಿಗುತ್ತಿತ್ತು, ಇನ್ನೊಂದು ಪಾಲು ಸಿಗುತ್ತಿರಲಿಲ್ಲ.

ಎರಡು ಗಂಟೆ ಸ್ವಿಚ್ ನೋಡಿದೆ, ಡಿಎನ್‌ಎಸ್ ನೋಡಿದೆ, ಹುಡುಗರನ್ನು ಕಂಬ ಹತ್ತಿಸಿದೆ. ಕೊನೆಗೆ ರೂಟರಿನ ಲಾಗ್‌ನಲ್ಲಿ ಸಿಕ್ಕಿತು. ರೂಟ್, ಅಂದರೆ ಯಾವ ವಿಳಾಸಕ್ಕೆ ಯಾವ ಕಡೆ ಎಂದು ಹೇಳುವ ಸಾಲು, ಬರೆಯಲು ಜಾಗವಿಲ್ಲ ಎಂಬ ಒಂದೇ ಸಂದೇಶ, ಸಾವಿರಾರು ಸಲ. ಸಿಪಿಯು 99ರಲ್ಲಿ ನಿಂತಿತ್ತು. ಐದು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ರೂಟರ್ ಅದು. 10 ಲಕ್ಷ ರೂಟಿಗೆ ಜಾಗ ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಈಗ ಹಳೆಯ ಬಗೆಯ ಐಪಿ ವಿಳಾಸಗಳ, ಅಂದರೆ ಐಪಿವಿ4ರ, ರೂಟ್ ಪಟ್ಟಿಯೊಂದೇ 10 ಲಕ್ಷದ ಆಸುಪಾಸಿನಲ್ಲಿದೆ. ಹೊಸ ಬಗೆಯ ಐಪಿವಿ6ದು ಬೇರೆ 2 ಲಕ್ಷ ದಾಟಿದೆ.

ಅವತ್ತಿಂದ ತಲೆಯಲ್ಲಿ ಒಂದೇ ಯೋಚನೆ. ಪಿನ್‌ಕೋಡ್ 572 ಅಂತ ಶುರುವಾದರೆ ತುಮಕೂರು ಕಡೆ ಎಂದು ದೆಹಲಿಯವರಿಗೂ ಗೊತ್ತು. ಫೋನ್ 0816 ಅಂದರೆ ತುಮಕೂರು, 08134 ಅಂದರೆ ತಿಪಟೂರು, 08135 ಶಿರಾ. ಐಪಿ ವಿಳಾಸವನ್ನೂ ಹೀಗೆ ಊರಿನ ಲೆಕ್ಕದಲ್ಲಿ ಹಂಚಿದ್ದರೆ, ದೂರದ ರೂಟರಿಗೆ "ಕರ್ನಾಟಕ ಈ ಕಡೆ" ಎಂಬ ಒಂದೇ ಸಾಲು ಸಾಕಿತ್ತಲ್ವಾ? 10 ಲಕ್ಷ ಸಾಲು ಕೆಲವು ಸಾವಿರಕ್ಕೆ ಇಳಿಯುತ್ತಿತ್ತು. ಇದನ್ನು ಯಾರೂ ಯಾಕೆ ಮಾಡಲಿಲ್ಲ? ತಿಳಿದವರು ದಯವಿಟ್ಟು ಹೇಳಿ.

ಇಂಜಿನಿಯರಿಂಗ್_ಮೂರನೇ_ವರ್ಷ:

ಅಣ್ಣಾ, ಒಂದು ಸಣ್ಣ ಡೌಟು. ರೂಟರಿಗೆ ಮೆಮೊರಿ ಜಾಸ್ತಿ ಹಾಕಿಸಿದರೆ ಆಗಲ್ವಾ? ನನ್ನ ಫೋನಿನಲ್ಲೇ 8 ಜಿಬಿ ಇದೆ. 10 ಲಕ್ಷ ಸಾಲು ಅಷ್ಟೇನೂ ದೊಡ್ಡದಲ್ಲ ಅನಿಸುತ್ತದೆ.

ತಿಪಟೂರು_ಬೆಂಗಳೂರು:

ನಾನು ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿದ್ದೇನೆ, ಊರು ತಿಪಟೂರು. ತಮ್ಮಾ, ಪಟ್ಟಿ ಇಟ್ಟುಕೊಳ್ಳುವುದು ಕಷ್ಟವಲ್ಲ. ಅದರಲ್ಲಿ ಹುಡುಕುವುದು ಕಷ್ಟ. ಒಂದು ಸೆಕೆಂಡಿಗೆ ಕೋಟಿಗಟ್ಟಲೆ ಪ್ಯಾಕೆಟ್, ಅಂದರೆ ಡೇಟಾದ ಚಿಕ್ಕ ತುಂಡುಗಳು, ಬರುತ್ತವೆ. ಪ್ರತಿಯೊಂದಕ್ಕೂ ಪಟ್ಟಿಯಲ್ಲಿ ವಿಳಾಸದ ಆರಂಭದಿಂದ ಅತಿ ಉದ್ದಕ್ಕೆ ಹೊಂದುವ ಸಾಲು ಯಾವುದು ಎಂದು ನೋಡಬೇಕು. ಅದಕ್ಕೆ ಇಂಥ ಹಲವು ರೂಟರುಗಳಲ್ಲಿ ಟಿಕ್ಯಾಮ್ ಎಂಬ ಬೇರೆಯೇ ಜಾತಿಯ ಮೆಮೊರಿ ಇರುತ್ತದೆ. ಎಲ್ಲ ಸಾಲುಗಳನ್ನೂ ಒಂದೇ ಏಟಿಗೆ ಹೋಲಿಸಿ ನೋಡುತ್ತದೆ. ದುಬಾರಿ, ಕರೆಂಟ್ ಕುಡಿಯುತ್ತದೆ, ಬಿಸಿಯಾಗುತ್ತದೆ. ಇದಕ್ಕೆ ಫೋನಿನ ಥರ ಕಾರ್ಡ್ ಸಿಕ್ಕಿಸಲು ಆಗುವುದಿಲ್ಲ. ಅದು ತುಂಬಿದರೆ ಮಿಕ್ಕ ರೂಟುಗಳ ಪ್ಯಾಕೆಟ್ಟನ್ನು ಸಿಪಿಯು ಒಂದೊಂದಾಗಿ ನೋಡಬೇಕು, ಇಲ್ಲ ಬಿಸಾಡಬೇಕು. ಅಣ್ಣನ ಅಜ್ಜಿ ಗಿರಾಕಿಗೆ ಆದದ್ದು ಅದೇ.

ಇದು ಹೊಸದೂ ಅಲ್ಲ. 2014ರ ಆಗಸ್ಟ್ 12ರಂದು ಪಟ್ಟಿ 512ಕೆ, ಅಂದರೆ ಸುಮಾರು 5 ಲಕ್ಷ ಸಾಲು, ಎಂಬ ಗಡಿ ದಾಟಿತು. ಆ ಕಾಲದ ತುಂಬಾ ರೂಟರುಗಳಲ್ಲಿ ಅಷ್ಟಕ್ಕೇ ಜಾಗ ಕೊಟ್ಟಿದ್ದರು. ಪ್ರಪಂಚದ ಹಲವು ಕಡೆ ಅವತ್ತು ಅರ್ಧಂಬರ್ಧ ಇಂಟರ್ನೆಟ್.

ಪಟ್ಟಿ ಉಬ್ಬುವ ಭಯ ಅದಕ್ಕೂ ಹಳೆಯದು. 1990ರ ಸುಮಾರಿಗೆ ವಿಳಾಸಗಳನ್ನು ಎ, ಬಿ, ಸಿ ಎಂದು ಮೂರು ಅಳತೆಯಲ್ಲಿ ಕೊಡುತ್ತಿದ್ದರು. ಸಿ ಅಂದರೆ 256 ವಿಳಾಸ, ಬಿ ಅಂದರೆ 65,536. ನಡುವೆ ಏನೂ ಇಲ್ಲ. ಬಿ ಖಾಲಿಯಾಗುತ್ತಾ ಬಂತು. ಅದರ ಬದಲು ಹತ್ತಾರು ಸಿ ಕೊಟ್ಟರೆ ಪಟ್ಟಿ ಉಬ್ಬಿತು. 1993ರಲ್ಲಿ ಸಿಐಡಿಆರ್ ಎಂಬ ಹೊಸ ಪದ್ಧತಿ ಬಂತು. ಬೇಕಾದ ಅಳತೆಗೆ ಕತ್ತರಿಸಿ ಕೊಡುವುದು, ಪಕ್ಕಪಕ್ಕದ ತುಂಡುಗಳನ್ನು ಸೇರಿಸಿ ಒಂದೇ ಸಾಲಾಗಿ ಸಾರುವುದು, ಅಂದರೆ "ಈ ವಿಳಾಸಗಳು ನನ್ನ ಕಡೆ" ಎಂದು ಬೇರೆ ರೂಟರುಗಳಿಗೆ ಹೇಳುವುದು. ಗೆರೆಯ ಪಕ್ಕದ ಅಂಕಿ ಚಿಕ್ಕದಾದಷ್ಟೂ ತುಂಡು ದೊಡ್ಡದು. /24 ಅಂದರೆ 256 ವಿಳಾಸ, ಪಕ್ಕಪಕ್ಕದ ನಾಲ್ಕು /24 ಸೇರಿದರೆ ಒಂದು /22. ಇಂಟರ್ನೆಟ್ ಉಳಿದದ್ದೇ ಇದರಿಂದ.

ಆದರೆ ಆ ಸೇರಿಸುವಿಕೆ ನಡೆದದ್ದು ಕಂಪನಿಯ ಲೆಕ್ಕದಲ್ಲಿ, ಊರಿನ ಲೆಕ್ಕದಲ್ಲಿ ಅಲ್ಲ. ಅಣ್ಣ ಕೇಳುತ್ತಿರುವುದು ಎರಡನೆಯದನ್ನು. ಆಫೀಸ್ ಮುಗಿಸಿ ರಾತ್ರಿ ಬರೆಯುತ್ತೇನೆ.

ನಿವೃತ್ತ_ಸಾರ್ಟರ್:

ಪಿನ್‌ಕೋಡ್ ಮಾತು ಬಂದದ್ದರಿಂದ ನಾನೂ ಎರಡು ಮಾತು ಬರೆಯುತ್ತೇನೆ. ಆರ್‌ಎಂಎಸ್‌ನಲ್ಲಿ (ರೈಲ್ವೆ ಮೇಲ್ ಸರ್ವಿಸ್) ಕಾಗದ ವಿಂಗಡಿಸುವ ಸಾರ್ಟರ್ ಆಗಿದ್ದವನು. ಈಗ ಕ್ಯಾತ್ಸಂದ್ರದಲ್ಲಿ ಮಗನ ಮನೆಯಲ್ಲಿದ್ದೇನೆ. ನಿಮ್ಮ ರೂಟರ್ ನನಗೆ ಗೊತ್ತಿಲ್ಲ. ಆದರೆ ನೀವು ಹೇಳುತ್ತಿರುವ ಕೆಲಸವನ್ನು ಕೈಯಲ್ಲಿ ಮಾಡಿದ್ದೇನೆ.

ರಾತ್ರಿ ರೈಲಿನ ಮೇಲ್ ವ್ಯಾನ್‌ನಲ್ಲಿ ನಿಂತು ಸಾರ್ಟ್ ಮಾಡುತ್ತಿದ್ದೆವು. ಮುಂದೆ ಮರದ ಕೇಸು, ಅದರಲ್ಲಿ ನಲವತ್ತು ಚಿಲ್ಲರೆ ಖಾನೆಗಳು. ಎಡಗೈಯಲ್ಲಿ ಕಾಗದದ ಕಟ್ಟು, ಬಲಗೈಯಲ್ಲಿ ಎಸೆಯುವುದು. ವಿಳಾಸ ಪೂರ್ತಿ ಓದುತ್ತಿರಲಿಲ್ಲ. ದೂರದ ಕಾಗದವಾದರೆ ಮೊದಲ ಅಂಕಿ ಅಥವಾ ಎರಡು ಅಂಕಿ ನೋಡಿ ಎಸೆದರೆ ಆಯಿತು. 1 ಅಂದರೆ ದೆಹಲಿ, ಪಂಜಾಬ್ ಕಡೆ. 7 ಅಂದರೆ ಬಂಗಾಳ, ಒಡಿಶಾ, ಅಸ್ಸಾಂ ಕಡೆ. ನಮ್ಮ ಹತ್ತಿರದ್ದಾದರೆ ಮಾತ್ರ ಪೂರ್ತಿ ಆರು ಅಂಕಿ. ದೂರದ್ದಕ್ಕೆ ಒಂದು ಖಾನೆ, ಹತ್ತಿರದ್ದಕ್ಕೆ ಇಪ್ಪತ್ತು ಖಾನೆ. 1972ರ ಆಗಸ್ಟ್ 15ಕ್ಕೆ ಪಿನ್‌ಕೋಡ್ ಬಂತು. ಅದಕ್ಕಿಂತ ಮೊದಲು ಊರಿನ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಬೇಕಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಒಂದೇ ಹೆಸರಿನ ರಾಂಪುರ ಹತ್ತಾರು.

ಆದರೆ ಒಂದು ವಿಷಯವನ್ನು ಜನ ತಪ್ಪು ತಿಳಿದಿದ್ದಾರೆ. ಪಿನ್‌ಕೋಡಿನ ಮೊದಲ ಮೂರು ಅಂಕಿ ಕಂದಾಯ ಜಿಲ್ಲೆ ಅಲ್ಲ, ಸಾರ್ಟಿಂಗ್ ಜಿಲ್ಲೆ. ಅಂದರೆ ಆ ಕಾಗದದ ಬ್ಯಾಗ್ ಎಲ್ಲಿ ಬಿಚ್ಚುತ್ತಾರೆ ಎಂಬುದು. ಬೇಕಿದ್ದರೆ ಪಾವಗಡದ ಪಿನ್ ನೋಡಿ. ತಾಲ್ಲೂಕು ತುಮಕೂರಿನದು. ಪಿನ್ ಮಾತ್ರ 561202. ಗೌರಿಬಿದನೂರು 561208, ಬಾಗೇಪಲ್ಲಿ 561207. 572 ಅಲ್ಲವೇ ಅಲ್ಲ. ನಕ್ಷೆ ನೋಡಿ ಕೊಟ್ಟ ನಂಬರ್ ಅಲ್ಲ ಅದು, ಬ್ಯಾಗ್ ಹೋಗುವ ದಾರಿಗೆ ಕೊಟ್ಟ ನಂಬರ್.

ಪಾವಗಡ_ಬಿಸಿಲು:

ಸರಿಯಾಗಿ ಹೇಳಿದಿರಿ ಸಾರ್. ನಾವು ಕಾಗದಪತ್ರದಲ್ಲಿ ತುಮಕೂರು ಜಿಲ್ಲೆ. ಡಿಸಿ ಆಫೀಸ್ ಕೆಲಸಕ್ಕೆ ಬಸ್ ಹತ್ತಿದರೆ ಮಧುಗಿರಿ ಸೇರುವುದಕ್ಕೆ ಮುಂಚೆ ಆಂಧ್ರದ ಮಡಕಶಿರಾ ಸೀಮೆ ದಾಟಿ ಬರಬೇಕು. ಮೊಬೈಲಿಗೆ ತೆಲುಗಿನಲ್ಲಿ ಸ್ವಾಗತದ ಮೆಸೇಜ್ ಬರುತ್ತದೆ, ಹತ್ತು ನಿಮಿಷ ಬಿಟ್ಟು ಕನ್ನಡದಲ್ಲಿ ಬರುತ್ತದೆ. ಫೈಬರ್ ಕಥೆಯೂ ಅಷ್ಟೇ. ತುಮಕೂರಿನ ವಿಳಾಸ ಕೊಟ್ಟುಬಿಟ್ಟರೆ ತುಮಕೂರಿಗೆ ತಂತಿ ಬಂದಂತೆ ಆಗುತ್ತದಾ?

ತಿಪಟೂರು_ಬೆಂಗಳೂರು:

ಸಾರ್ಟರ್ ಸಾರ್, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಾನು ಹೇಳಬೇಕಾದ ಅರ್ಧವನ್ನು ನೀವೇ ಹೇಳಿಬಿಟ್ಟಿದ್ದೀರಿ. ನೆಟ್‌ವರ್ಕುಗಳು ಒಂದಕ್ಕೊಂದು ರೂಟ್ ಹೇಳಿಕೊಳ್ಳುವ ಬಿಜಿಪಿ ಎಂಬ ಪದ್ಧತಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಯಾಕೊವ್ ರೆಕ್ಟರ್ ಅವರ ಮಾತೊಂದು ನಮ್ಮ ಕೆಲಸದವರಿಗೆಲ್ಲ ಗೊತ್ತು. ತಂತಿ ಹೋದ ಹಾಗೆ ವಿಳಾಸ ಕೊಡಿ, ಇಲ್ಲವೇ ವಿಳಾಸ ಇದ್ದ ಹಾಗೆ ತಂತಿ ಎಳೆಯಿರಿ, ಎರಡರಲ್ಲಿ ಒಂದು ಆಗಲೇಬೇಕು ಎಂಬುದು ಅದರ ಅರ್ಥ. ಪಾವಗಡದ ಪಿನ್ ಮೊದಲನೆಯದನ್ನು ಮಾಡಿದೆ.

ಊರಿನ ಲೆಕ್ಕದ ವಿಳಾಸವನ್ನು ಯಾರೂ ಯೋಚಿಸಲಿಲ್ಲ ಅಂತಲ್ಲ. 1993ರಲ್ಲೇ ಖಂಡಗಳ ಲೆಕ್ಕದಲ್ಲಿ ಹಂಚಿಕೆಯ ನಿಯಮ ಮಾಡಿದ್ದರು. 194, 195 ಅಂತ ಶುರುವಾಗುವ ವಿಳಾಸ ಯೂರೋಪಿಗೆ. 202, 203 ನಮ್ಮ ಏಷ್ಯಾ ಪೆಸಿಫಿಕ್‌ಗೆ. ಹಾಗಿದ್ದ ಮೇಲೆ 202 ಮತ್ತು 203ಕ್ಕೆ ಸೇರಿ ಒಂದೇ ಸಾಲು ಸಾಕಲ್ವಾ? ಆಗಲಿಲ್ಲ. ಆಗ ಏಷ್ಯಾದ ದೇಶಗಳ ನಡುವೆ ತಂತಿ ಕಡಿಮೆ. ಬಹಳಷ್ಟು ನೆಟ್‌ವರ್ಕುಗಳು ತಮ್ಮ ಪಾಡಿಗೆ ತಾವು ಅಮೆರಿಕಕ್ಕೆ ಲಿಂಕ್ ಎಳೆದುಕೊಂಡಿದ್ದವು. ಒಂದು ಸಾಲು ಬರೆದರೆ ಅದನ್ನು ಯಾರ ಕಡೆ ತೋರಿಸುವುದು?

ಐಪಿವಿ6 ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ಡೀರಿಂಗ್ 1990ರ ದಶಕದಲ್ಲಿ ಮಹಾನಗರದ ಲೆಕ್ಕದ ವಿಳಾಸ ಸೂಚಿಸಿದರು. ಆಮೇಲೆ ಟೋನಿ ಹೇನ್ ಎಂಬವರು ಅಕ್ಷಾಂಶ, ರೇಖಾಂಶದ ಬಿಟ್‌ಗಳನ್ನು ಒಂದರ ಪಕ್ಕ ಒಂದು ಹೆಣೆದು ವಿಳಾಸ ಮಾಡುವ ದಾರಿ ಬರೆದರು. ಹೆಣೆದರೆ ಮೊದಲ ಕೆಲವು ಬಿಟ್ ನೋಡಿದರೆ ದೊಡ್ಡ ಪ್ರದೇಶ, ಇನ್ನಷ್ಟು ನೋಡಿದರೆ ಚಿಕ್ಕದು. ನಿಜಕ್ಕೂ ಚಂದದ ಯೋಚನೆ. ಓದಿದಾಗ ನನಗೆ ತುಂಬಾ ಇಷ್ಟವಾಗಿತ್ತು.

ಅದು ನಿಲ್ಲದೇ ಹೋದದ್ದು ದುಡ್ಡಿನ ಹತ್ತಿರ. ತುಮಕೂರಿಗೆಲ್ಲ ಒಂದೇ ರೂಟ್ ಎಂದು ಅಣ್ಣನ ಕಂಪನಿ ಸಾರಿತು ಅಂತಿಟ್ಟುಕೊಳ್ಳಿ. ಆಗ ಊರಿನ ಎಲ್ಲರ ಟ್ರಾಫಿಕ್ಕೂ ಅಣ್ಣನ ಲಿಂಕಿನಲ್ಲಿ ಬರುತ್ತದೆ. ಎದುರು ಬೀದಿಯ ಕಂಪನಿಯ ಗಿರಾಕಿ ನೋಡುವ ಸಿನಿಮಾ ಕೂಡ. ಅದನ್ನು ಹೊತ್ತು ತಂದು ಅವರ ಮನೆಗೆ ತಲುಪಿಸಬೇಕು. ಕಾಸು ಮಾತ್ರ ಆ ಕಂಪನಿಗೆ. ಅಂಚೆಯಲ್ಲಿ ಈ ಜಗಳ ಬರಲಿಲ್ಲ, ಯಾಕೆಂದರೆ ಬ್ಯಾಗ್ ಹೊರುವವರೂ ಕಾಗದ ಹಂಚುವವರೂ ಒಂದೇ ಇಲಾಖೆ. ಎಸ್‌ಟಿಡಿ ಕೋಡ್ ಮಾಡಿದಾಗ ಫೋನೂ ಒಂದೇ ಇಲಾಖೆಯದು. ಮೊಬೈಲ್ ಬಂದು ಹಲವು ಕಂಪನಿಗಳಾದ ಮೇಲೆ ನಂಬರಿಗೂ ಊರಿಗೂ ಇದ್ದ ನಂಟು ಸಡಿಲವಾಯಿತು. 2015ರ ಜುಲೈನಿಂದ ದೇಶದ ಎಲ್ಲಿಗೆ ಬೇಕಾದರೂ ಅದೇ ನಂಬರ್ ಪೋರ್ಟ್ ಮಾಡಿಸಬಹುದು. ಈಗ ನಂಬರ್ ನೋಡಿ ಯಾವ ಕಂಪನಿ, ಯಾವ ಊರು ಎಂದು ಹೇಳಲು ಆಗದು. ಡೇಟಾಬೇಸ್ ಕೇಳಿಯೇ ಕಾಲ್ ಕಳಿಸಬೇಕು.

ಇನ್ನು ನಮ್ಮ ವಿಳಾಸಗಳ ಕಥೆ. ಅಣ್ಣಾ, ನಿಮ್ಮದು 103 ಅಂತ ಶುರುವಾಗುತ್ತದಾ?

ಬಿಎಚ್‌ರೋಡ್_ಫೈಬರ್:

ಹೌದು, 103. ಒಂದು /22, ಅಂದರೆ 1,024 ವಿಳಾಸ.

ತಿಪಟೂರು_ಬೆಂಗಳೂರು:

ಅಂದುಕೊಂಡೆ. ಏಷ್ಯಾ ಪೆಸಿಫಿಕ್‌ಗೆ ವಿಳಾಸ ಹಂಚುವ ಎಪಿನಿಕ್ ಹತ್ತಿರ 2011ರ ಏಪ್ರಿಲ್‌ನಲ್ಲಿ ಕೊನೆಗೆ ಉಳಿದ ದೊಡ್ಡ ಬ್ಲಾಕ್ ಅದೇ 103. ಅಲ್ಲಿಂದಾಚೆ ಬಂದವರಿಗೆ ಅದರಲ್ಲಿ ತಲಾ ಒಂದು /22 ಎಂದು ರೇಷನ್ ಮಾಡಿದರು. 2019ರಲ್ಲಿ ಅದನ್ನೂ ಅರ್ಧಕ್ಕೆ ಇಳಿಸಿದರು. ಕೇಳಿದ ಕ್ರಮದಲ್ಲಿ ಕೊಟ್ಟರೇ ಹೊರತು ಊರು ನೋಡಿ ಕೊಡಲಿಲ್ಲ. ನಿಮ್ಮ ಪಕ್ಕದ /22 ಬಾಂಗ್ಲಾದೇಶದಲ್ಲಿ ಇರಬಹುದು, ಅದರ ಪಕ್ಕದ್ದು ಆಸ್ಟ್ರೇಲಿಯಾದಲ್ಲಿ. ಕುಣಿಗಲ್, ಗುಬ್ಬಿಯ ವಿಳಾಸಗಳನ್ನು ಸೇರಿಸಿ ಒಂದು ಸಾಲು ಮಾಡೋಣ ಅಂದರೆ ಅವು ಪಕ್ಕಪಕ್ಕದಲ್ಲಿ ಇಲ್ಲವೇ ಇಲ್ಲ. ಐಪಿವಿ4ರಲ್ಲಿ ಆ ಕಾಲ ಕಳೆದುಹೋಗಿದೆ.

ಇಂಜಿನಿಯರಿಂಗ್_ಮೂರನೇ_ವರ್ಷ:

ಅಕ್ಕಾ, ಐಪಿವಿ6ರಲ್ಲಿ ಬೇಕಾದಷ್ಟು ವಿಳಾಸ ಇದೆಯಲ್ಲ. ಅಲ್ಲಿ ಊರಿನ ಲೆಕ್ಕದಲ್ಲಿ ಕೊಡಬಹುದಿತ್ತಲ್ವಾ?

ತಿಪಟೂರು_ಬೆಂಗಳೂರು:

ಕೊಡಬಹುದಿತ್ತು. ಆದರೆ ಅಲ್ಲಿಯೂ ಕಂಪನಿ ಲೆಕ್ಕದಲ್ಲೇ ಕೊಟ್ಟರು. ಒಂದು ಸರ್ವಿಸ್ ಕಂಪನಿಗೆ ಒಂದು /32. ಒಂದೇ ಸಾಲಿನಲ್ಲಿ ಮುಗಿಯುತ್ತದೆ ಎಂಬ ಆಸೆ. ಆಮೇಲೆ ಅದನ್ನೂ /48 ತುಂಡುಗಳಾಗಿ ಒಡೆದು ಸಾರುತ್ತಿದ್ದಾರೆ. 2 ಲಕ್ಷ ಆದದ್ದು ಹಾಗೆ.

ಶಿರಾಗೇಟ್_ಕೇಬಲ್:

ನಾನೂ ತುಮಕೂರಿನವನೇ, ಬಿಎಚ್‌ ರೋಡ್ ಅಣ್ಣನ ಹಾಗೆ ಕೇಬಲ್‌ನಿಂದ ಬಂದವನು. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಅವರ ಗಿರಾಕಿಯ ಟ್ರಾಫಿಕ್ ನಾನು ಹೊರುವುದಿಲ್ಲ, ನನ್ನದನ್ನು ಅವರು ಹೊರಬೇಕು ಎಂದೂ ಕೇಳುವುದಿಲ್ಲ. ತಿಂಗಳ ಬ್ಯಾಂಡ್‌ವಿಡ್ತ್ ಬಿಲ್ ಕಟ್ಟುವುದರಲ್ಲೇ ಸಾಕಾಗಿದೆ. ಊರಿಗೆಲ್ಲ ಒಂದು ರೂಟ್ ಎನ್ನುವುದು ಕೇಳಲು ಚೆನ್ನಾಗಿದೆ. ಆದರೆ ಮೊದಲು ಲೆಕ್ಕ ಯಾರು ಇಡುತ್ತಾರೆ ಹೇಳಿ.

ಬಿಎಚ್‌ರೋಡ್_ಫೈಬರ್:

ಶಿರಾಗೇಟ್ ಅಣ್ಣಾ, ನಿಮ್ಮ ಮಾತು ಒಪ್ಪಿದೆ. ಆದರೆ ನಿನ್ನೆ ರಾತ್ರಿ ಒಂದು ಪರೀಕ್ಷೆ ಮಾಡಿದೆ, ಅದನ್ನು ಇಲ್ಲಿ ಹಾಕಲೇಬೇಕು.

ನನ್ನ ಭಾಮೈದ ನಿಮ್ಮ ಗಿರಾಕಿ. ಅವನ ಮನೆ ನನ್ನ ಆಫೀಸಿನಿಂದ ನಡೆದರೆ ಹತ್ತು ನಿಮಿಷ. ಇಲ್ಲಿಂದ ಅವನ ಮನೆಗೆ ಟ್ರೇಸ್‌ರೂಟ್ ಹೊಡೆದೆ, ದಾರಿಯಲ್ಲಿ ಸಿಗುವ ಒಂದೊಂದು ರೂಟರನ್ನೂ, ಅಂದರೆ ಹಾಪನ್ನೂ, ತೋರಿಸುವ ಪರೀಕ್ಷೆ ಅದು. ಮೊದಲ ಎರಡು ಹಾಪ್ ನಮ್ಮವು. ಮೂರನೆಯದು ಬೆಂಗಳೂರು. ಐದನೆಯದರ ಹೆಸರಿನಲ್ಲಿ ಚೆನ್ನೈ ಎಂದಿತ್ತು. ಅಲ್ಲಿ ಕಂಪನಿ ಬದಲಾಗಿ ಮತ್ತೆ ಬೆಂಗಳೂರು, ಮತ್ತೆ ತುಮಕೂರು. ಒಟ್ಟು 11 ಹಾಪ್, 19 ಮಿಲಿಸೆಕೆಂಡ್. ಪಕ್ಕದ ಬೀದಿಗೆ ಹೋಗಲು ಪ್ಯಾಕೆಟ್ ಎಂಟುನೂರು ಕಿಲೋಮೀಟರಿಗಿಂತ ಜಾಸ್ತಿ ಸುತ್ತಿತು. ನೋಡಿ ನಿಜವಾಗಿಯೂ ಸಂಕಟವಾಯಿತು. ನಮ್ಮಿಬ್ಬರ ಕೇಬಲ್ ಟೌನ್‌ಹಾಲ್ ಹತ್ತಿರ ಒಂದೇ ಕಂಬದ ಮೇಲೆ ಹೋಗುತ್ತವೆ.

ಹೀಗಿರುವಾಗ ತುಮಕೂರು ಎಂಬ ಊರೇ ಇಂಟರ್ನೆಟ್ಟಿನಲ್ಲಿ ಇಲ್ಲ ಅನಿಸಿತು. ಇಲ್ಲದ ಊರಿಗೆ ಒಂದು ರೂಟ್ ಕೇಳುತ್ತಿದ್ದೆ ನಾನು.

ನಿವೃತ್ತ_ಸಾರ್ಟರ್:

ನಮ್ಮಲ್ಲಿ ಒಂದೇ ಊರಿನ ಕಾಗದ ಊರಿನಲ್ಲೇ ಉಳಿಯಬೇಕು ಎಂದು ಲೋಕಲ್ ಡಬ್ಬಿಯನ್ನೇ ಬೇರೆ ಇಡುತ್ತಿದ್ದ ಕಡೆಗಳಿದ್ದವು. ಊರೊಳಗಿನ ಕಾಗದ ರೈಲು ಹತ್ತಿದರೆ ಅದು ಕೆಲಸದ ತಪ್ಪು.

ಇನ್ನೊಂದು ಕೇಳಬೇಕಿತ್ತು. ಹಳ್ಳಿಯ ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ ಸಾರ್ಟಿಂಗ್ ಕೇಸೇ ಇರುವುದಿಲ್ಲ. ಇರುವುದು ಒಂದು ಬ್ಯಾಗ್. ಹಂಚುವ ಕಾಗದ ತೆಗೆದುಕೊಂಡು, ಮಿಕ್ಕದ್ದು ಬೀದರಿಗಿರಲಿ ಅಮೆರಿಕಕ್ಕಿರಲಿ, ಆ ಬ್ಯಾಗಿಗೆ ಹಾಕಿ ತಮ್ಮ ಮೇಲಿನ ಅಂಚೆ ಕಚೇರಿಯಾದ ಅಕೌಂಟ್ ಆಫೀಸಿಗೆ ಕಳಿಸುತ್ತಾರೆ. ಪ್ರಪಂಚದ ಪಟ್ಟಿ ಅವರಿಗೆ ಬೇಡ. ನಿಮ್ಮ ತುಮಕೂರಿನ ರೂಟರಿಗೆ ಅಷ್ಟು ದೊಡ್ಡ ಪಟ್ಟಿ ಯಾಕೆ ಬೇಕಾಯಿತು?

ತಿಪಟೂರು_ಬೆಂಗಳೂರು:

ಸಾರ್, ಇಡೀ ಚರ್ಚೆಗೆ ಬೇಕಾದ ಪ್ರಶ್ನೆ ಇದು.

ಅಣ್ಣನ ರೂಟರಿಗೆ ಹೊರಗೆ ಹೋಗಲು ಎರಡೇ ದಾರಿ, ಎರಡು ಅಪ್‌ಸ್ಟ್ರೀಮ್, ಅಂದರೆ ಅಣ್ಣನಿಗೆ ಇಂಟರ್ನೆಟ್ ಕೊಡುವ ದೊಡ್ಡ ಕಂಪನಿಗಳು. 10 ಲಕ್ಷ ಸಾಲು ಇಟ್ಟುಕೊಂಡರೂ ಪ್ರತಿ ಸಾಲಿನ ಕೊನೆಗೆ ಬರೆದಿರುವ ಉತ್ತರ ಎರಡರಲ್ಲಿ ಒಂದು. ಅಷ್ಟು ಸಾಲು ಬೇಕಾಗಿಲ್ಲ. ಎರಡೂ ಕಡೆಯಿಂದ ಡೀಫಾಲ್ಟ್ ರೂಟ್, ಅಂದರೆ "ಮಿಕ್ಕದ್ದೆಲ್ಲ ಈ ಕಡೆ" ಎಂಬ ಒಂದು ಸಾಲು, ತಗೊಳ್ಳಿ. ಜೊತೆಗೆ ಆಯಾ ಅಪ್‌ಸ್ಟ್ರೀಮಿನ ಸ್ವಂತ ಗಿರಾಕಿಗಳ ರೂಟು, ಮತ್ತೆ ನಿಮ್ಮ ಟ್ರಾಫಿಕ್ ಜಾಸ್ತಿ ಹೋಗುವ ವಿಡಿಯೋ, ಕ್ಲೌಡ್ ಕಂಪನಿಗಳ ರೂಟು. ಮಿಕ್ಕದ್ದನ್ನು ಟಿಕ್ಯಾಮ್‌ಗೆ ಇಳಿಸದೆ ಫಿಲ್ಟರ್ ಮಾಡಿ. ದಕ್ಷಿಣ ಅಮೆರಿಕದ ಒಂದೊಂದು /24 ತುಮಕೂರಿಗೆ ಯಾಕೆ? ಹತ್ತಿರದ್ದಕ್ಕೆ ಹೆಚ್ಚು ಖಾನೆ, ದೂರದ್ದಕ್ಕೆ ಒಂದು ಖಾನೆ. ವಿಳಾಸ ಬದಲಿಸದೆ, ಯಾರ ಒಪ್ಪಿಗೆಯೂ ಇಲ್ಲದೆ ನಿಮ್ಮೊಬ್ಬರ ರೂಟರಿನೊಳಗೆ ಊರಿನ ಲೆಕ್ಕ ಮಾಡಬಹುದು. ಇದೇ ಯೋಚನೆಯನ್ನು ದೊಡ್ಡ ಕಂಪನಿಗಳ ಒಳಗೆ ಬಳಸುವ ಪ್ರಸ್ತಾವವನ್ನು ಇಲ್ಜಿಟ್ಷ್ ಫಾನ್ ಬೈನಮ್ ಬರೆದಿದ್ದರು. ಏಷ್ಯಾದ ವಿವರ ಏಷ್ಯಾದ ರೂಟರಿನಲ್ಲಿ ಮಾತ್ರ, ಬೇರೆ ಕಡೆಯ ರೂಟರಿಗೆ ಏಷ್ಯಾಕ್ಕೆ ಸೇರಿ ಒಂದು ಸಾಲು. ಅದೂ ಜಾರಿಗೆ ಬರಲಿಲ್ಲ, ಆದರೆ ಚಿಕ್ಕ ನೆಟ್‌ವರ್ಕಿನಲ್ಲಿ ಅದರ ಸಾರ ಚೆನ್ನಾಗಿ ಒಗ್ಗುತ್ತದೆ.

ಇನ್ನೊಂದು ವಿಷಯ ಕೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ /22 ಅನ್ನು ಹೊರಗೆ ಹೇಗೆ ಸಾರುತ್ತಿದ್ದೀರಿ?

ಬಿಎಚ್‌ರೋಡ್_ಫೈಬರ್:

ಒಂದು /22, ಅದರ ಜೊತೆಗೆ ನಾಲ್ಕು /24. ಎರಡು ಈ ಅಪ್‌ಸ್ಟ್ರೀಮಿಗೆ, ಎರಡು ಆ ಅಪ್‌ಸ್ಟ್ರೀಮಿಗೆ. ಟ್ರಾಫಿಕ್ ಸಮ ಆಗಲಿ ಅಂತ. ಸೆಟಪ್ ಮಾಡಿಕೊಟ್ಟವರು ಹಾಗೇ ಬಿಟ್ಟರು, ನಾನೂ ಕೇಳಲಿಲ್ಲ.

ತಿಪಟೂರು_ಬೆಂಗಳೂರು:

ಒಂದು ಸಾಲು ಸಾಕಾಗುವ ಕಡೆ ಐದು ಸಾಲು. ಫುಲ್ ಟೇಬಲ್, ಅಂದರೆ ಪೂರ್ತಿ ಪಟ್ಟಿ, ಇಟ್ಟುಕೊಂಡ ಪ್ರತಿ ರೂಟರಿನಲ್ಲೂ ನಿಮ್ಮ ಆ ಐದು ಸಾಲು ಕೂತಿವೆ, ಬ್ರೆಜಿಲ್‌ನಲ್ಲಿಯೂ. ಇದು ನಿಮ್ಮೊಬ್ಬರದಲ್ಲ. ಇಡೀ ಐಪಿವಿ4 ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲುಗಳು /24. ನಿಮ್ಮ ಟಿಕ್ಯಾಮ್ ತುಂಬಿಸಿದ್ದು ನಿಮ್ಮ ಹಾಗೆಯೇ ಮಾಡಿದ ಇತರರು.

ಇಂಜಿನಿಯರಿಂಗ್_ಮೂರನೇ_ವರ್ಷ:

/24 ಸಾರುವುದನ್ನು ನಿಲ್ಲಿಸಿದರೆ ಹೈಜಾಕ್ ಭಯ, ಅಂದರೆ ನಮ್ಮ ವಿಳಾಸವನ್ನು ಬೇರೆಯವರು ಸಾರಿಬಿಡುವ ಭಯ, ಇಲ್ವಾ ಅಕ್ಕಾ? 2008ರ ಫೆಬ್ರವರಿಯಲ್ಲಿ ಪಾಕಿಸ್ತಾನದಿಂದ ಯೂಟ್ಯೂಬಿನ ಒಂದು /24 ಸಾರಿಬಿಟ್ಟು ಪ್ರಪಂಚದ ಟ್ರಾಫಿಕ್ ಅಲ್ಲಿಗೆ ಹೋಯಿತಂತೆ. ಯೂಟ್ಯೂಬ್ ಆಗ /22 ಸಾರುತ್ತಿತ್ತು. ಉದ್ದದ ಸಾಲು ಗೆಲ್ಲುತ್ತದಲ್ಲ.

ತಿಪಟೂರು_ಬೆಂಗಳೂರು:

ಚೆನ್ನಾಗಿ ಓದಿದ್ದೀಯ. ಆ ಭಯಕ್ಕೆ ಈಗ ಆರ್‌ಪಿಕೆಐ ಇದೆ, ವಿಳಾಸವನ್ನು ಯಾರು ಸಾರಬಹುದು ಎಂದು ಪರೀಕ್ಷಿಸುವ ವ್ಯವಸ್ಥೆ. ವಿಳಾಸ ಕೊಟ್ಟ ಐಆರ್‌ಐಎನ್‌ಎನ್ (ಎಪಿನಿಕ್ ಕೆಳಗೆ ಭಾರತದಲ್ಲಿ ವಿಳಾಸ ಹಂಚುವ ಸಂಸ್ಥೆ) ಪೋರ್ಟಲ್ಲಿನಲ್ಲಿ ಆರ್‌ಒಎ, ಅಂದರೆ ಈ ವಿಳಾಸ ಯಾರು ಸಾರಬಹುದು ಎಂಬ ದಾಖಲೆ, ಮಾಡಿಸಿ, ಗರಿಷ್ಠ ಉದ್ದ 22 ಎಂದು ಹಾಕಿದರೆ, ಪರೀಕ್ಷಿಸುವ ನೆಟ್‌ವರ್ಕುಗಳು ಆ ಬ್ಲಾಕಿನ /24 ಅನ್ನು ತಿರಸ್ಕರಿಸುತ್ತವೆ. ಕ್ರಮ ತಪ್ಪಬಾರದು. ಮೊದಲು /24 ಹಿಂತೆಗೆಯಬೇಕು, ಆಮೇಲೆ ಆರ್‌ಒಎ ಬಿಗಿ ಮಾಡಬೇಕು. ಉಲ್ಟಾ ಮಾಡಿದರೆ ನಿಮ್ಮ ರೂಟೇ ಬಿದ್ದುಹೋಗುತ್ತದೆ.

ಶಿರಾಗೇಟ್_ಕೇಬಲ್:

ಆ ಟೌನ್‌ಹಾಲ್ ಕಂಬದ ಮಾತು ತಲೆಯಿಂದ ಹೋಗುತ್ತಿಲ್ಲ. ಊರಿನ ಟ್ರಾಫಿಕ್ ಮಾತ್ರ ನೇರ ಬದಲಾಯಿಸಿಕೊಳ್ಳುವುದಾದರೆ ಲೆಕ್ಕ ಇಡುವ ಪ್ರಶ್ನೆಯೇ ಇಲ್ಲ. ನಿಮ್ಮ ಗಿರಾಕಿಗಳ ರೂಟು ನನಗೆ, ನನ್ನವು ನಿಮಗೆ. ಬೇರೆಯವರದ್ದು ಒಂದೂ ಇಲ್ಲ. ಲೈಸೆನ್ಸ್ ಇರುವ ಇಬ್ಬರು ಹೀಗೆ ನೇರ ಸೇರಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಭಾನುವಾರ ಫೈಬರ್ ಜೋಡಿಸುವ ಸ್ಪ್ಲೈಸಿಂಗ್ ಮೆಷಿನ್ ತರುತ್ತೇನೆ. ನೀವು ಏಣಿ ತನ್ನಿ.

ಬಿಎಚ್‌ರೋಡ್_ಫೈಬರ್:

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಭಾನುವಾರ ಎರಡು ಕೋರ್ ಜೋಡಿಸಿದೆವು. ಮೊದಲ ಜಾಯಿಂಟ್ ಕೆಟ್ಟಿತು, ಗಾಳಿ ಜೋರಿತ್ತು, ಧೂಳು ಕೂತಿತ್ತು. ಎರಡನೆಯ ಸಲ ಶಿರಾಗೇಟ್ ಅಣ್ಣ ತಮ್ಮ ಕಾರಿನೊಳಗೆ ಮೆಷಿನ್ ಇಟ್ಟುಕೊಂಡು ಮಾಡಿದರು. ಮಧ್ಯಾಹ್ನ ಎರಡಕ್ಕೆ ಬಿಜಿಪಿ ಸೆಷನ್ ಮೇಲೆದ್ದಿತು. ಭಾಮೈದನ ಮನೆಗೆ ಈಗ 4 ಹಾಪ್, 2 ಮಿಲಿಸೆಕೆಂಡ್.

ಟಿಕ್ಯಾಮ್‌ನಲ್ಲಿ ಈಗ 31 ಸಾವಿರ ಸಾಲು ಇದೆ. ರೂಟರ್ ಮುಟ್ಟಿದರೆ ಮೊದಲಿನಷ್ಟು ಬಿಸಿ ಇಲ್ಲ. ಎಸ್.ಎಸ್.ಪುರಂ ಅಜ್ಜಿಗೆ ನಾನೇ ಫೋನ್ ಮಾಡಿ ಕೇಳಿದೆ, ಬ್ಯಾಂಕ್ ತೆರೆಯುತ್ತಿದೆಯಂತೆ.

/24 ಹಿಂತೆಗೆಯುವುದು ಪೂರ್ತಿ ಆಗಲಿಲ್ಲ. ನಾಲ್ಕನ್ನೂ ತೆಗೆದ ದಿನ ಸಂಜೆ ಏಳಕ್ಕೆ ಒಂದು ಲಿಂಕ್ ಕಿಕ್ಕಿರಿಯಿತು, ಇನ್ನೊಂದು ಖಾಲಿ ಹೊಡೆಯುತ್ತಿತ್ತು. ಪ್ರಿಪೆಂಡ್ ಮಾಡಿ, ಅಂದರೆ ಒಂದು ಕಡೆಯ ದಾರಿ ಬೇಕೆಂದೇ ಉದ್ದ ಕಾಣುವಂತೆ ಸಾರಿ ನೋಡಿದೆ, ಸ್ವಲ್ಪ ಸರಿಹೋಯಿತು. ಕೊನೆಗೆ ಒಂದು /24 ವಾಪಸ್ ಸಾರಬೇಕಾಯಿತು. ಆರ್‌ಒಎಯಲ್ಲಿ /22ಕ್ಕೂ ಆ ಒಂದು /24ಕ್ಕೂ ಬೇರೆಬೇರೆ ಬರೆಸಿದ್ದೇನೆ. ಐದಿದ್ದದ್ದು ಎರಡಾಗಿದೆ. ಮುಂದಿನ ತಿಂಗಳು ಲಿಂಕ್ ಅಪ್‌ಗ್ರೇಡ್ ಆದ ಮೇಲೆ ಅದನ್ನೂ ತೆಗೆಯುತ್ತೇನೆ.

ಗುಬ್ಬಿಯ ಒಬ್ಬರು ತಾವೂ ಸೇರುತ್ತೇವೆ ಅಂದಿದ್ದಾರೆ. ಮೂರನೆಯವರು ಬಂದರೆ ಜೋಡಿ ಜೋಡಿ ಕೇಬಲ್ ಸಾಲದು, ನಡುವೆ ಒಂದು ಸ್ವಿಚ್ ಬೇಕು. ನನ್ನ ಹತ್ತಿರ 24 ಪೋರ್ಟಿನದು ಸುಮ್ನೆ ಬಿದ್ದಿದೆ, ಅದನ್ನೇ ಇಡೋಣ ಅಂದುಕೊಂಡಿದ್ದೇವೆ. ಕರೆಂಟ್ ಹೋಗದ ಜಾಗ ಎಲ್ಲಿದೆ ಎಂದು ಹುಡುಕುತ್ತಿದ್ದೇವೆ.

ಪಾವಗಡ_ಬಿಸಿಲು:

ಅಣ್ಣಾ, ಆ ಸ್ವಿಚ್ಚಿನಲ್ಲಿ ನಮಗೂ ಒಂದು ಪೋರ್ಟ್ ಬಿಟ್ಟಿರಿ. ಮಧುಗಿರಿವರೆಗೆ ತಂತಿ ಇರುವವರು ಯಾರಾದರೂ ಇದ್ದರೆ ಹೇಳಿ. ಮಡಕಶಿರಾ ದಾಟಿಸುವುದನ್ನು ನಾನು ವಿಚಾರಿಸುತ್ತೇನೆ.